ಸ್ಕಂದಾಪಸ್ಮಾರವೂ ಜ್ವರದ ಸೆಳೆತವೂ

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಶಿಶುಗಳನ್ನು ಪೀಡಿಸುವ ಒಂಬತ್ತು ಗ್ರಹಗಳು ಹೇಳಲ್ಪಟ್ಟಿವೆ. ಕನ್ನಡದಲ್ಲಿ ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯೂ ಇದೇ ವಿಷಯವನ್ನು ಕುರಿತದ್ದು. ಈ ಒಂಬತ್ತರಲ್ಲಿ ಸ್ಕಂದಾಪಸ್ಮಾರವನ್ನೇ ಇಂದಿನ ವೈದ್ಯರು ಹೇಳುವ ಜ್ವರದ ಸೆಳೆತವೆಂದು ಅರ್ಥಮಾಡುವುದು ಸುಲಭ. ಮೂಲವು ಅದಕ್ಕೆ ಒಪ್ಪುವುದೇ ಎಂಬುದು ವಿಚಾರಣೀಯವಾಗಿದೆ.

ಮೂಲದ ಪ್ರಕಾರ ಸ್ಕಂದಾಪಸ್ಮಾರದ ಶಿಶುವು ಎಚ್ಚರದಪ್ಪಿ ಮತ್ತೆ ಎಚ್ಚರಗೊಳ್ಳುತ್ತದೆ, ಕೈಕಾಲುಗಳಿಂದ ಕುಣಿಯುವಂತೆ ತೋರುತ್ತದೆ, ನೊರೆಯನ್ನು ಸುರಿಸುತ್ತದೆ. ಕುಣಿತದ ಉಪಮೆಯು ಅಲಂಕಾರಕ್ಕಾಗಿ ಬಂದುದಲ್ಲ, ಕಣ್ಣಾರೆ ಕಂಡುದರ ಫಲ. ಆದರೆ ಆ ಶ್ಲೋಕದಲ್ಲಿ ಜ್ವರದ ಮಾತಿಲ್ಲ. ಜ್ವರವೂ ಸಂಜ್ಞಾನಾಶವೂ ನೊರೆಯೂ ಒಟ್ಟಿಗೆ ಬರುವುದು ನೈಗಮೇಷದ ಲಕ್ಷಣದಲ್ಲಿ. ಆದಕಾರಣ ಹೆಸರಿನಲ್ಲಿರುವ 'ಅಪಸ್ಮಾರ'ವನ್ನು ಮಾತ್ರ ನೋಡಿ ಸಮೀಕರಿಸಿದವರು ಮೂಲವನ್ನು ಓದಿದಂತಾಗುವುದಿಲ್ಲ.

ಇನ್ನು, ಹೊಸ ಹೆಸರಾದರೂ ಕಾರಣವನ್ನು ಪೂರ್ಣವಾಗಿ ಹೇಳುವುದೇ? ಜ್ವರದ ಸೆಳೆತವು ಸಾಮಾನ್ಯವಾಗಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಸರಳವಾದುದು 15 ನಿಮಿಷದೊಳಗೆ ನಿಲ್ಲುತ್ತದೆ. ಅದಕ್ಕೆ ನಿತ್ಯವೂ ಔಷಧ ಕೊಡುವುದು ಅಗತ್ಯವಲ್ಲವೆಂಬುದು ವೈದ್ಯಸಮ್ಮತ. ಆದರೆ ಜ್ವರವಿದ್ದಾಗ ಬಂದ ಸೆಳೆತವೆಲ್ಲವೂ ಜ್ವರದಿಂದಲೇ ಬಂದುದಲ್ಲ. ಶಿಶುಗಳ ರಕ್ತನಾಳದ ಗಂಟಿಗೆ ಪ್ರೊಪ್ರನೊಲಾಲ್ ಎಂಬ ಬೀಟಾ ಬ್ಲಾಕರ್ ಉಪಯೋಗವೆಂಬುದು 2008ರಲ್ಲಿ ಪ್ರಕಟವಾಯಿತು. ಅದು ಸೆಳೆತಕ್ಕೆ ಮದ್ದಲ್ಲ. ಸಕ್ಕರೆಯ ಅಂಶವು ಇಳಿದಾಗ ಅದನ್ನು ಮತ್ತೆ ಏರಿಸುವ ದೇಹದ ಶಕ್ತಿಯನ್ನು ಅದು ಕುಂದಿಸುತ್ತದೆ; ನಾಡಿಯ ವೇಗವೆಂಬ ಮುನ್ಸೂಚನೆಯನ್ನೂ ಮರೆಸುತ್ತದೆ. ಜ್ವರದಿಂದ ಮಗು ಹಾಲು ಬಿಟ್ಟಿದ್ದರೆ ಸಕ್ಕರೆಯಿಳಿದೇ ಸೆಳೆತ ಬರಬಹುದು. ಆದುದರಿಂದಲೇ ಮಗು ಉಣ್ಣದಿರುವಾಗ ಆ ಔಷಧವನ್ನು ತಡೆಯಬೇಕೆಂಬ ವಿಧಿಯಿದೆ. ಇಲ್ಲಿ 'ಜ್ವರದ ಸೆಳೆತ'ವೆಂದು ಹೆಸರಿಟ್ಟು ಸುಮ್ಮನಾದರೆ ಮಗುವಿಗೆ ಬೇಕಾದ ಸಕ್ಕರೆ ಸಕಾಲಕ್ಕೆ ದೊರೆಯದು.

ಪ್ರಾಚೀನರು ಕಾರಣವನ್ನು ಗ್ರಹದಲ್ಲಿಟ್ಟರು. ಅದು ಇಂದು ನಿಲ್ಲತಕ್ಕದ್ದಲ್ಲ. ಆದರೆ ಲಕ್ಷಣಗಳನ್ನು ಬೇರೆಬೇರೆಯಾಗಿ ಗುರುತಿಸಿದ ಅವರ ಕ್ರಮವು ಇಂದಿಗೂ ಅನುಕರಣೀಯ. ನಿಘಂಟುಕಾರರೂ ಸಂಪಾದಕರೂ ಹಳೆಯ ಹೆಸರಿಗೆ ಹೊಸ ಹೆಸರನ್ನು ಹೊಂದಿಸುವುದಕ್ಕಿಂತ, ಆಯಾ ಹೆಸರಿನ ಕೆಳಗೆ ಮೂಲದ ಲಕ್ಷಣಗಳನ್ನೇ ಕೊಡುವುದು ಮೇಲು. ಹೆಸರು ವಿಚಾರಕ್ಕೆ ಮೊದಲಾಗಬೇಕೇ ಹೊರತು ಕೊನೆಯಾಗಬಾರದು.