ಒಂದು ಈಡಿನ ತೂಕ

ಹುಮನಾಬಾದಿನಿಂದ ಪುಣೆ ಹೆದ್ದಾರಿ ಹಿಡಿದು ಹೊರಟು ಸಸ್ತಾಪುರ ಬಂಗ್ಲಾದಲ್ಲಿ ಹೊರಳಿಕೊಂಡರೆ ಬಸವಕಲ್ಯಾಣ ದೂರವಿಲ್ಲ. ಅಲ್ಲಿನ ಕೋಟೆಗೆ ಬರುವವರಲ್ಲಿ ಹೆಚ್ಚಿನವರು ಬುರುಜು ಹತ್ತಿ, ತೋಪಿನ ಬಾಯಿಗೆ ಕೈಯಿಟ್ಟು ಫೋಟೊ ತೆಗೆಸಿಕೊಂಡು, ಇದರ ಉದ್ದ ಎಷ್ಟು ಎಂದು ಯಾರನ್ನಾದರೂ ಕೇಳಿ ಕೆಳಗಿಳಿಯುತ್ತಾರೆ. ತೋಪಿನ ಹಿಂದಕ್ಕೆ ಹೋಗಿ ನೋಡುವವರು ತೀರ ಕಡಿಮೆ. ನನ್ನ ಮಟ್ಟಿಗೆ ತೋಪು ನೋಡುವುದು ಹಿಂದಿನಿಂದಲೇ ಶುರುವಾಗಬೇಕು. ಮದ್ದು ಕೂರುತ್ತಿದ್ದದ್ದು ಅಲ್ಲಿ. ಎಷ್ಟು ಮದ್ದು, ಪ್ರತಿ ಸಲವೂ ಅಷ್ಟೇ ಮದ್ದು ಹೇಗೆ ಎಂಬ ಪ್ರಶ್ನೆಯನ್ನು ತೋಪು ಹಾರಿಸುವ ಗೋಲಂದಾಜ ದಿನವೂ ಎದುರಿಸುತ್ತಿದ್ದದ್ದೂ ಅಲ್ಲಿಯೇ.

ನಮ್ಮ ಭಾಗದಲ್ಲಿ ಉದ್ದದ ಮೋಹ ಹಳೆಯದು. ಕಲಬುರಗಿ ಕೋಟೆಯ ಬಾರಾ ಗಜಿ ತೋಪಿನ ಹೆಸರಲ್ಲೇ ಅದರ ಅಳತೆ ಇದೆ. ವಿಜಯಪುರದ ಉಪ್ಪಲಿ ಬುರುಜಿನ ಮೇಲಿರುವ ದೊಡ್ಡ ತೋಪು ಒಂಬತ್ತು ಮೀಟರ್ ದಾಟುತ್ತದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ಸುಮಾರು 55 ಟನ್ ತೂಗುತ್ತದೆ. ಈ ಅಂಕಿಗಳೆಲ್ಲ ಬೆರಗು ಹುಟ್ಟಿಸುತ್ತವೆ, ನಿಜ. ಆದರೆ ಒಂದು ತೋಪು ಮೊದಲ ಗುಂಡನ್ನು ಎಲ್ಲಿ ಹಾಕಿತೋ ಎರಡನೆಯದನ್ನೂ ಅದರ ಆಸುಪಾಸಿಗೆ ಹಾಕದಿದ್ದರೆ ಆ ಗಾತ್ರದಿಂದ ಏನೂ ಸಾಧಿಸಿದಂತಾಗಲಿಲ್ಲ. ಕೋಟೆ ಗೋಡೆ ಒಡೆಯುವವನಿಗೂ ಅದನ್ನು ಕಾಯುವವನಿಗೂ ಬೇಕಾದದ್ದು ಒಂದೇ: ನಿನ್ನೆಯ ಈಡು ಇವತ್ತು ಮತ್ತೆ ಹಾಗೆಯೇ ಬೀಳುವುದು.

ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ 2014ರಲ್ಲಿ ತಂದ ದಖ್ಖನಿನ ಕುರಿತ ಪುಸ್ತಕದಲ್ಲಿ ರಾಯಚೂರು, ವಾರಂಗಲ್ಲುಗಳ ಜೊತೆ ಕಲ್ಯಾಣವನ್ನೂ, ಅಂದರೆ ಇಂದಿನ ಬಸವಕಲ್ಯಾಣವನ್ನೂ, ಆಯ್ದುಕೊಂಡರು. ಹದಿನಾರನೇ ಶತಮಾನದಲ್ಲಿ ಎತ್ತರದ ಬುರುಜುಗಳ ನೆತ್ತಿಯ ಮೇಲೆ ಗೂಟದ ಆಧಾರದಲ್ಲಿ ಸುತ್ತ ತಿರುಗುವ ತೋಪುಗಳನ್ನು ಕೂರಿಸಿದ್ದು ಇಲ್ಲಿನ ಯುದ್ಧಕಲೆಯ ದೊಡ್ಡ ಬದಲಾವಣೆ. ದಿಕ್ಕು ಬದಲಿಸುವುದು ಸುಲಭವಾಯಿತು, ಮೂತಿ ಎತ್ತುವುದು ತಗ್ಗಿಸುವುದೂ ಕೈವಶವಾಯಿತು. ಇನ್ನು ಹಿಡಿತಕ್ಕೆ ಸಿಗಬೇಕಾಗಿದ್ದದ್ದು ಮದ್ದು.

ಅದು ಸುಲಭಕ್ಕೆ ಸಿಗುವ ವಸ್ತುವಲ್ಲ. ಕರಿಮದ್ದಿನಲ್ಲಿ ಮುಕ್ಕಾಲು ಪಾಲಿನಷ್ಟು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಮೂರನ್ನೂ ಒಣ ಪುಡಿಯಾಗಿ ಬೆರೆಸಿ ಎತ್ತಿನ ಗಾಡಿಯಲ್ಲಿ ಸಾಗಿಸಿದರೆ ದಾರಿಯ ಕುಲುಕಿಗೆ ಹಗುರವಾದ ಇದ್ದಿಲು ಮೇಲೇರುತ್ತದೆ, ಭಾರದ ಪುಡಿ ತಳ ಸೇರುತ್ತದೆ. ಒಂದೇ ಪೀಪಾಯಿಯ ಮೇಲಿನ ಮದ್ದು ಒಂದು ಬಗೆ, ಅಡಿಯದು ಇನ್ನೊಂದು ಬಗೆ. ಇದಕ್ಕೆ ಕಂಡುಕೊಂಡ ಉಪಾಯ ಮದ್ದನ್ನು ಒದ್ದೆ ಮಾಡಿ, ಒತ್ತಿ, ಮುರಿದು, ಜರಡಿ ಹಿಡಿದು ಕಾಳು ಕಟ್ಟುವುದು. ಪ್ರತಿ ಕಾಳಿನಲ್ಲೂ ಮೂರೂ ವಸ್ತು ಸೇರಿಕೊಂಡಿರುವುದರಿಂದ ಬೇರ್ಪಡುವ ಮಾತಿಲ್ಲ. ಕಾಳುಗಳ ಸಂದಿಯಲ್ಲಿ ಬೆಂಕಿ ಬೇಗ ಓಡುವುದರಿಂದ ಬಲವೂ ಹೆಚ್ಚು. ಆ ಬಲವೇ ಹೊಸ ಅಪಾಯ ತಂದಿತು. ಪುಡಿಮದ್ದಿಗೆ ಹೊಂದಿಸಿದ್ದ ಹಳೆಯ ಅಳತೆಯಲ್ಲೇ ಕಾಳುಮದ್ದು ತುಂಬಿದರೆ, ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಮೇಲೆ ಬಳೆ ತೊಡಿಸಿ ಬೆಸೆದ ತೋಪು ಗೋಲಂದಾಜನ ಮುಖಕ್ಕೇ ಸಿಡಿಯಬಹುದಿತ್ತು.

ಪೆಟ್ಲುಪ್ಪಿನ ವಿಷಯದಲ್ಲಿ ಬೀದರಿನ ಒಂದು ಸಂಗತಿ ಹೇಳಲೇಬೇಕು. ಬಿದರಿ ಕಸುಬುದಾರರು ಬೆಳ್ಳಿ ಕೂರಿಸಿದ ಪಾತ್ರೆಗೆ ಕಪ್ಪು ಬಣ್ಣ ಬರಿಸಲು ಕೋಟೆಯ ಹಳೆಯ ಭಾಗಗಳಲ್ಲಿ, ಬಿಸಿಲು ಮಳೆ ತಾಗದ ಜಾಗದ ಮಣ್ಣನ್ನು ತಂದು ನವಸಾಗರದೊಂದಿಗೆ ಬಳಸುತ್ತಾರೆ. ಮಣ್ಣು ಸರಿಯಾದದ್ದೇ ಎಂದು ತಿಳಿಯಲು ಚಿಟಿಕೆ ತೆಗೆದು ನಾಲಗೆಗೆ ಹಚ್ಚಿ ನೋಡುತ್ತಾರೆ. ಆ ಮಣ್ಣಿನಲ್ಲಿ ಇರುವುದು ಪೆಟ್ಲುಪ್ಪಿನ ಜಾತಿಯ ಲವಣವೇ. ನಮ್ಮ ನಾಡಿನಲ್ಲಿ ಪೆಟ್ಲುಪ್ಪು ತೆಗೆಯುತ್ತಿದ್ದದ್ದೂ ಇಂಥ ಹಳೆಯ ಗೋಡೆ, ಹಟ್ಟಿಗಳ ಮಣ್ಣು ತೊಳೆದು, ಆ ನೀರು ಕುದಿಸಿ. ಚೆನ್ನಾಗಿ ಶುದ್ಧಿಯಾಗದೆ ಬೇರೆ ಲವಣಗಳು ಉಳಿದರೆ ಮದ್ದು ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಮದ್ದು ತಕ್ಕಡಿಯಲ್ಲಿ ಹೆಚ್ಚು ತೂಗುತ್ತದೆ, ತೋಪಿನಲ್ಲಿ ಕಡಿಮೆ ಕೆಲಸ ಮಾಡುತ್ತದೆ. 1657ರ ಬೇಸಗೆಯಲ್ಲಿ ಶುರುವಾದ ಔರಂಗಜೇಬನ ಮುತ್ತಿಗೆ ಮಳೆಗಾಲಕ್ಕೆ ಕಾಲಿಟ್ಟಿತು, ಆಗಸ್ಟ್ 1ರಂದು ಕಿಲ್ಲೇದಾರ ದಿಲಾವರ್ ಹಬ್ಶಿ ಕಲ್ಯಾಣದ ಕೋಟೆಯನ್ನು ಒಪ್ಪಿಸಿದ. ಆಷಾಢ ಶ್ರಾವಣದ ಆ ಗಾಳಿಯಲ್ಲಿ ಎರಡೂ ಕಡೆಯವರು ಮದ್ದನ್ನು ಒಣಗಿಸಿಟ್ಟುಕೊಳ್ಳಲು ಪಟ್ಟಿರಬಹುದಾದ ಪಾಡನ್ನು ನಾನು ಬುರುಜಿನ ಮೇಲೆ ನಿಂತಾಗಲೆಲ್ಲ ನೆನೆಯುತ್ತೇನೆ.

ಅಳೆಯುವುದು ಹೇಗಿತ್ತು? ಕೋಲಿನ ತುದಿಗೆ ಕಟ್ಟಿದ ತಾಮ್ರದ ಸೌಟು. ತೋಪಿನ ಬಾಯಿಯ ಅಗಲಕ್ಕೆ ತಕ್ಕಂತೆ ಸೌಟಿನ ಅಳತೆ. ಕಿಡಿ ಹಾರದಿರಲಿ ಎಂದು ತಾಮ್ರ. ಸೌಟನ್ನು ಒಳಗೆ ತಳದವರೆಗೆ ತಳ್ಳಿ, ಬೋರಲು ಹಾಕಿ, ಹೊರಗೆಳೆದು, ಮೇಲೆ ಗಜ ಎಂಬ ತುರುಕುಗೋಲಿನಿಂದ ದಮ್ಮಸು ಮಾಡುವುದು. ಇದು ಗಾತ್ರದ ಅಳತೆ, ತೂಕದ್ದಲ್ಲ. ತೊಗರಿ ಅಳೆಯುವ ಸೇರನ್ನು ಕುಲುಕಿ ತುಂಬಿದರೆ ಒಂದು ತೂಕ, ಹಾಗೆಯೇ ಸುರಿದು ತುಂಬಿದರೆ ಇನ್ನೊಂದು ತೂಕ ಬರುವುದನ್ನು ನಮ್ಮ ಸಂತೆಯ ಹೆಂಗಸರು ಯಾರ ಪಾಠವೂ ಇಲ್ಲದೆ ಬಲ್ಲರು. ಮದ್ದಿನ ಸೌಟಿಗೂ ಅದೇ ನಿಯಮ. ಆದ್ದರಿಂದ ಮುಂದೆ ಮದ್ದನ್ನು ಮೊದಲೇ ತೂಗಿ ಬಟ್ಟೆಯ ಚೀಲದಲ್ಲೋ ಕಾಗದದಲ್ಲೋ ಕಟ್ಟಿಡುವ ಪದ್ಧತಿ ಬಂತು. ತೂಕದ ಕೆಲಸ ಯುದ್ಧದ ಗದ್ದಲದಿಂದ ಆಚೆಗೆ, ನೆರಳಿನಲ್ಲಿ, ಸಮಾಧಾನದಲ್ಲಿ ನಡೆಯುವಂತಾಯಿತು. ತೋಪಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ಕೆಲವೇ ಕೆಲವು ಎಂಬುದು ನನ್ನ ಖಚಿತ ಅಭಿಪ್ರಾಯ.

ತೂಕ ಎಂದೊಡನೆ ಯಾರ ತೂಕ ಎಂಬ ಪ್ರಶ್ನೆ ಏಳುತ್ತದೆ. ಊರಿಗೊಂದು ಸೇರು, ದರ್ಬಾರಿಗೊಂದು ಮಣ ಇದ್ದ ಕಾಲ ಅದು. ಗೋಲ್ಕೊಂಡ ಕೋಟೆಯ ಮೇಲಿರುವ ಔರಂಗಜೇಬನ ಕಾಲದ ಅಜ್ದಹಾ ಪೈಕರ್ ತೋಪಿನ ಮೇಲೆ ರಾಜನ ಹೆಸರು, ಎರಕ ಹೊಯ್ದ ಮುಹಮ್ಮದ್ ಅಲಿ ಅರಬ್‌ನ ಹೆಸರುಗಳ ಜೊತೆಗೆ ಗುಂಡಿನ ತೂಕ, ಮದ್ದಿನ ತೂಕ ಎರಡನ್ನೂ ಕೊರೆಸಲಾಗಿದೆ. ಅದು ಶಹಜಹಾನಿ ತೂಕ ಎಂಬ ಸ್ಪಷ್ಟನೆಯೂ ಇದೆ. ಗೋಲಂದಾಜ ಬದಲಾಗಬಹುದು, ತೋಪು ಇನ್ನೊಂದು ಕೋಟೆಗೆ ಹೋಗಬಹುದು. ಈಡಿನ ಲೆಕ್ಕ ಮಾತ್ರ ತೋಪಿನ ಮೈಮೇಲೆಯೇ ಉಳಿಯಬೇಕು ಎಂದು ಯಾರೋ ಯೋಚಿಸಿದ್ದರು. ಶಾಸನ ಎಂದರೆ ದಾನ, ದತ್ತಿ, ವಿಜಯ ಎಂದುಕೊಂಡವರು ಇದನ್ನೊಮ್ಮೆ ನೋಡಬೇಕು.

ಮದ್ದಿನಲ್ಲಿ ಹತ್ತರಲ್ಲೊಂದು ಪಾಲು ಏರುಪೇರಾದರೆ ಏನಾಗುತ್ತದೆ? ಈ ಲೆಕ್ಕವನ್ನು ಪ್ರಯೋಗದಿಂದ ಹಿಡಿದವರು ಇಂಗ್ಲೆಂಡಿನವರು. ಬೆಂಜಮಿನ್ ರಾಬಿನ್ಸ್ 1742ರಲ್ಲಿ, ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು ದಿಮ್ಮಿ ಎಷ್ಟು ದೂರ ಓಲಾಡಿತು ಎಂಬುದರಿಂದ ಗುಂಡಿನ ವೇಗ ಕಂಡುಹಿಡಿಯುವ ವಿಧಾನ ಪ್ರಕಟಿಸಿದ. ಚಾರ್ಲ್ಸ್ ಹಟನ್ ಅದನ್ನು ಫಿರಂಗಿಯವರೆಗೆ ಬೆಳೆಸಿ, 1778ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಪಡೆದ. ಮದ್ದಿನ ತೂಕದ ವರ್ಗಮೂಲದಂತೆ ವೇಗ ಏರುತ್ತದೆ ಎಂಬುದು ಅವನು ಕಂಡ ಸ್ಥೂಲ ನಿಯಮ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಸಾವಿರ ಗಜ ಹೋಗುವ ಗುಂಡು ಹತ್ತನೇ ಒಂದು ಪಾಲು ಮದ್ದಿನ ವ್ಯತ್ಯಾಸಕ್ಕೆ ನೂರು ಗಜ ಹಿಂದೆ ಮುಂದೆ ಬೀಳುತ್ತದೆ. ನೂರು ಗಜ ಎಂದರೆ ಕೋಟೆಯ ಗೋಡೆಗೆ ಬೀಳಬೇಕಾದದ್ದು ಕಂದಕಕ್ಕೂ ತಲುಪದ ದೂರ.

ಇವತ್ತು ಅಮೆರಿಕ, ಯುರೋಪಿನ ಗುರಿಕ್ರೀಡೆಯ ಹವ್ಯಾಸಿಗಳು ಮನೆಯ ಮೇಜಿನ ಮೇಲೆ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಅವರನ್ನು ಕಾಡುವುದೂ ಇದೇ ಪ್ರಶ್ನೆ. ಹಿಡಿ ತಿರುಗಿಸಿದರೆ ಗೊತ್ತಾದ ಗಾತ್ರದಷ್ಟು ಮದ್ದು ಉದುರಿಸುವ ಯಂತ್ರ ಅವರಲ್ಲಿದೆ. ಮೇಲಿನ ಡಬ್ಬಿಯಲ್ಲಿ ಮದ್ದಿನ ಮಟ್ಟ ಇಳಿದರೆ, ಕೈಯ ಲಯ ತಪ್ಪಿದರೆ, ಕಡ್ಡಿಯಾಕಾರದ ಕಾಳು ಅಡ್ಡ ಸಿಕ್ಕಿಕೊಂಡರೆ ಆ ಯಂತ್ರವೂ ತಪ್ಪುತ್ತದೆ. ಹಾಗಾಗಿ ನಿಷ್ಠೆಯುಳ್ಳವರು ಪ್ರತಿ ಈಡನ್ನೂ ತಕ್ಕಡಿಗೆ ಹಾಕುತ್ತಾರೆ. ಅವರು ತೂಗುವುದು ಗ್ರೇನ್‌ಗಳಲ್ಲಿ. ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ಬ್ರಿಟಿಷರು ನಮ್ಮ ತೊಲವನ್ನು 180 ಗ್ರೇನಿಗೆ ಗೊತ್ತುಮಾಡಿದ್ದರಿಂದ ಅಕ್ಕಸಾಲಿಗರ ತಕ್ಕಡಿಗೂ ಆ ಮೇಜಿಗೂ ಒಂದು ನಂಟಿದೆ. ನಮ್ಮಲ್ಲಿ ಈ ಹವ್ಯಾಸಕ್ಕೆ ಸುಲಭದ ದಾರಿಯಿಲ್ಲ. 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, ಅದು ಸರಿಯೂ ಹೌದು. ಬಾಯಿಯಿಂದ ತುಂಬುವ ಕೇಪಿನ ಕೋವಿ ಹಿಡಿದ ಮಲೆನಾಡಿನ, ಕೊಡಗಿನ ಹಳಬರಿಗೆ ಮಾತ್ರ ಒಂದು ಈಡಿಗೆ ಎಷ್ಟು ಎಂಬುದು ಕೈಗೆ ಬಂದ ವಿದ್ಯೆಯಾಗಿತ್ತು.

ಮದ್ದಿನ ಮುಂದೆ ಅಜಾಗರೂಕತೆಗೆ ಬೀದರ್ ಸೀಮೆ ತೆತ್ತ ಬೆಲೆಯೂ ದಾಖಲಾಗಿದೆ. 1657ರ ಮಾರ್ಚಿನಲ್ಲಿ ಬೀದರ್ ಕೋಟೆಯ ಬುರುಜಿನ ಹತ್ತಿರ ಕೂಡಿಟ್ಟಿದ್ದ ಮದ್ದಿಗೆ ಮೊಘಲರ ಅಗ್ನಿಬಾಣದ ಕಿಡಿ ತಾಗಿ, ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟ ಗಾಯಗಳಿಂದ ಸತ್ತ. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾ ಅರ್ಧ ಕುಸಿದದ್ದು ಹದಿನೇಳನೇ ಶತಮಾನದ ಕೊನೆಯಲ್ಲಿ. ಸಿಡಿಲು ಬಡಿದು ಒಳಗಿಟ್ಟಿದ್ದ ಮದ್ದು ಸಿಡಿಯಿತು ಎನ್ನುತ್ತಾರೆ ಇತಿಹಾಸಕಾರರು.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಬಸವಕಲ್ಯಾಣಕ್ಕೆ ಹೋದಾಗ ತೋಪಿನ ಹಿಂದೆ ಬತ್ತಿ ಮುಟ್ಟಿಸುವ ರಂಧ್ರ ಹುಡುಕಿ. ಸಾಕಷ್ಟು ಹಾರಿಸಿದ ತೋಪಿನಲ್ಲಿ ಅದರ ಅಂಚು ಬಿಸಿಗಾಳಿಗೆ ಸವೆದು ಅಗಲವಾಗಿರುತ್ತದೆ. ಅಗಲವಾದಷ್ಟೂ ಒತ್ತಡ ಸೋರುತ್ತದೆ, ಅದೇ ತೂಕದ ಮದ್ದಿಗೆ ಗುಂಡು ಹತ್ತಿರ ಬೀಳುತ್ತದೆ. ತೋಪು ಎಷ್ಟು ದುಡಿದಿದೆ ಎಂಬುದನ್ನು ಆ ಒಂದು ರಂಧ್ರ ಹೇಳಬಲ್ಲದು. ತೋಪಿನ ಬಾಯೊಳಗೆ ಕಲ್ಲು, ನೀರಿನ ಬಾಟಲಿ ತುರುಕಬೇಡಿ, ಮೈಮೇಲೆ ಹೆಸರು ಗೀಚಬೇಡಿ. ಪುರಾತತ್ತ್ವ ಇಲಾಖೆಯವರು ಪ್ರತಿ ತೋಪಿನ ಒಳಗನ್ನು ಸ್ವಚ್ಛ ಮಾಡಿಸಿ, ಉದ್ದದ ಜೊತೆಗೆ ಬಾಯಿಯ ಅಗಲ ಮತ್ತು ಮದ್ದು ಕೂರುವ ಭಾಗದ ಆಳವನ್ನೂ ಅಳೆಸಿ, ಪಕ್ಕದಲ್ಲಿ ಕನ್ನಡದಲ್ಲಿ ಒಂದು ಫಲಕ ಹಾಕಿಸಲಿ.