ಪ್ಯಾಕೆಟ್ಟಿನ ಹಿಂಬದಿಯ ನಾಗಪುರ

ನಮ್ಮ ಕಡೆ ಅಂಗಡಿಯಲ್ಲಿ ಹಲ್ದಿರಾಮ್ ಪ್ಯಾಕೆಟ್ಟು ಕೊಳ್ಳುವವರು ಅದರ ಹಿಂಬದಿ ಓದುವುದು ಕಡಿಮೆ. ಓದಿದ್ದರೆ ನಾಗಪುರದ ವಿಳಾಸ ಕಣ್ಣಿಗೆ ಬಿದ್ದಿರುತ್ತಿತ್ತು. ಈ ಮನೆತನದಲ್ಲಿ ಮಾರುಕಟ್ಟೆಯೂ ಪಾಲಾಗಿತ್ತು. ಉತ್ತರ ದಿಲ್ಲಿಯವರಿಗೆ, ಪೂರ್ವ ಕೋಲ್ಕತ್ತಾದವರಿಗೆ, ಪಶ್ಚಿಮ ಮತ್ತು ದಕ್ಷಿಣ ನಾಗಪುರದವರಿಗೆ. ಹೊಲ ಹಂಚಿಕೊಂಡ ಹಾಗೆ ದೇಶ ಹಂಚಿಕೊಂಡವರು! ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ನೀವು ಬಹಳ ಕಾಲ ತಿಂದದ್ದು ನಮ್ಮೂರಿನ ರುಚಿ. ‘ನಮ್ಮೂರು’ ಅಂತ ನಾಗಪುರಕ್ಕೆ ಹೇಳುವಷ್ಟು ವರ್ಷ ನನಗೂ ಇಲ್ಲಿ ಆಗಿಬಿಟ್ಟಿದೆ. ಬ್ಯಾಂಕಿನ ಟ್ರಾನ್ಸ್‌ಫರ್ ಮೇಲೆ ಬಂದವನು, ರಿಟೈರಾದ ಮೇಲೂ ಇಲ್ಲೇ ಉಳಿದೆ.

ಹಲ್ದಿರಾಮ್ ಮನೆಯವರೂ ವಲಸೆ ಬಂದವರೇ. ಮೂಲ ಬಿಕಾನೇರ್. ಹಲ್ದಿರಾಮ್ ಅನ್ನುವುದು ಗಂಗಾ ಬಿಶನ್ ಅಗರ್‌ವಾಲರ ಮನೆಯ ಹೆಸರು. ಕಂಪನಿ ತನ್ನ ಹುಟ್ಟನ್ನು 1937ಕ್ಕೆ ಲೆಕ್ಕ ಹಾಕುತ್ತದೆ. ಕಡಲೆ ಹಿಟ್ಟಿನ ಭುಜಿಯಾಕ್ಕೆ ಮಡಿಕೆ ಕಾಳಿನ ಹಿಟ್ಟು ಸೇರಿಸಿ, ಎಳೆ ಸಣ್ಣ ಮಾಡಿ, ಬಾಯಲ್ಲಿಟ್ಟರೆ ಕರಗುವ ಹಾಗೆ ಮಾಡಿದ್ದು ಆತ ಅಂತ ಮನೆತನದ ಕಥೆ. ಮರುಭೂಮಿಯಲ್ಲಿ ಸುಲಭವಾಗಿ ಬೆಳೆಯುವುದು ಮಡಿಕೆಯೇ, ಹಾಗಾಗಿ ಈ ಕಥೆ ನಂಬಬಹುದು. ಮೊಮ್ಮಗ ಶಿವಕಿಸನ್ 1970ರ ಸುಮಾರಿಗೆ ನಾಗಪುರ ಸೇರಿದರು. ಇನ್ನೊಬ್ಬ ಮೊಮ್ಮಗ ಶಿವರತನ್ ಬಿಕಾನೇರಿನಲ್ಲೇ ಉಳಿದು ಬಿಕಾಜಿ ಕಟ್ಟಿದರು. ಹೆಸರು ಯಾರದು ಎಂದು ದಿಲ್ಲಿ, ಕೋಲ್ಕತ್ತಾ ಕವಲುಗಳು ವರ್ಷಗಟ್ಟಲೆ ಕೋರ್ಟು ಅಲೆದದ್ದು ಇನ್ನೊಂದು ಕಥೆ.

ಶಿವಕಿಸನ್ ಬಂದ ಊರು ಹೇಗಿತ್ತು ನೋಡಿ. ಬೆಳಿಗ್ಗೆ ತರ್ರಿ ಪೋಹಾ, ಅಂದರೆ ಅವಲಕ್ಕಿ ಮೇಲೆ ಕಡಲೆಕಾಳಿನ ಖಾರದ ಸಾರು. ರಾತ್ರಿ ಕಣ್ಣಲ್ಲಿ ನೀರು ಬರಿಸುವ ಸಾವಜಿ ಊಟ. ಇಂಥ ಊರಿಗೆ ಮಾರವಾಡದ ಮಿಠಾಯಿ ಮಾರಬೇಕು. ಅಂಗಡಿ ಭುಜಿಯಾವನ್ನು ಬಿಡಲಿಲ್ಲ, ಆದರೆ ಊರಿನ ಕಿತ್ತಳೆಯನ್ನು ತಗೊಂಡು ಬರ್ಫಿಗೆ ಹಾಕಿತು. ಇವತ್ತು ನಾಗಪುರದಿಂದ ರೈಲು ಹತ್ತುವವನ ಕೈಯಲ್ಲಿ ಸಂತ್ರಾ ಬರ್ಫಿಯ ಡಬ್ಬಿ ಇರಲೇಬೇಕು. ಪರವೂರಿಗೆ ಹೋದವನು ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಕಲಿಯಬೇಕು ಅನ್ನುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಇದು.

ಆಲೂ ಚಿಪ್ಸ್ ವಿಷಯಕ್ಕೆ ಬಂದರೆ ಈ ಮೆಚ್ಚುಗೆ ಸ್ವಲ್ಪ ಕಡಿಮೆಯಾಗುತ್ತದೆ. 1992ರಲ್ಲಿ ಅಂಕಲ್ ಚಿಪ್ಸ್ ಬಂತು, 1995ರಲ್ಲಿ ಪೆಪ್ಸಿಯವರ ಲೇಸ್ ಬಂತು. ಮಕ್ಕಳ ಕೈಯಲ್ಲೆಲ್ಲ ಬಣ್ಣದ ಪ್ಯಾಕೆಟ್ಟು. ಆ ಪೈಪೋಟಿಯಲ್ಲಿ ಹಲ್ದಿರಾಮ್ ಕೂಡ ಉಪ್ಪಿನದು, ಮಸಾಲೆಯದು, ಪುದೀನದ್ದು ಅಂತ ಚಿಪ್ಸ್ ತಂದಿತು. ಮೂರನ್ನೂ ತಟ್ಟೆಗೆ ಸುರಿದುಕೊಂಡು ತಿಂದು ನೋಡಿದ್ದೇನೆ. ಕೆಟ್ಟದ್ದಲ್ಲ, ಗರಿಗರಿಯಾಗಿದೆ. ಪುದೀನದಲ್ಲಿ ಹುಳಿ ಮುಂದೆ ಬಂದು ಸೊಪ್ಪಿನ ಘಮ ಹಿಂದೆ ನಿಲ್ಲುತ್ತದೆ. ಮಸಾಲೆಯದು ಯಾವ ಕಂಪನಿಯದಾದರೂ ಆಗಬಹುದಿತ್ತು. ಕಣ್ಣು ಮುಚ್ಚಿ ತಿಂದರೆ ಇದು ಬಿಕಾನೇರಿನವರು ನಾಗಪುರದಲ್ಲಿ ಮಾಡಿದ್ದು ಅಂತ ನಾಲಿಗೆಗೆ ತಿಳಿಯುವುದಿಲ್ಲ. ತರ್ರಿಯ ಖಾರ, ಸಾವಜಿ ಮಸಾಲೆಯ ಘಾಟು ಪಕ್ಕದ ಬೀದಿಯಲ್ಲೇ ಇರುವಾಗ ಚಿಪ್ಸಿಗೆ ಅದರ ಒಂದು ಚಿಟಿಕೆಯೂ ಬರಲಿಲ್ಲವಲ್ಲ!

ಇದಕ್ಕೆ ಆಲೂಗಡ್ಡೆಯೂ ಕಾರಣ. ಕಾರ್ಖಾನೆಯ ಚಿಪ್ಸಿಗೆ ಸಂತೆಯ ಗಡ್ಡೆ ಆಗಿಬರುವುದಿಲ್ಲ. ತೀರಾ ತಂಪಿನಲ್ಲಿಟ್ಟ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ, ಕರಿದಾಗ ಕಂದಾಗುತ್ತದೆ, ಕಹಿಯಾಗುತ್ತದೆ. ಅದಕ್ಕೇ ನೀರು ಮತ್ತು ಸಕ್ಕರೆ ಕಡಿಮೆಯಿರುವ ತಳಿಗಳು ಬೇಕು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಕುಫ್ರಿ ಚಿಪ್ಸೋನಾ-1 ತಳಿ 1998ರಲ್ಲಿ ಬಂದದ್ದು ಇದಕ್ಕಾಗಿಯೇ. ಎಲ್ಲರ ಗಡ್ಡೆಯೂ ಹೆಚ್ಚುಕಡಿಮೆ ಒಂದೇ ಆದಮೇಲೆ ವ್ಯತ್ಯಾಸವೆಲ್ಲ ಮೇಲಿನ ಪುಡಿಯದ್ದು. ನಮ್ಮ ಹಾಟ್ ಚಿಪ್ಸ್ ಅಂಗಡಿಯವನು ಬಾಣಲೆ ಮುಂದೆ ನಿಂತು ಕರಿದು ತೂಗಿ ಕೊಡುವ ಚಿಪ್ಸ್ ಒಂದು ದಿನ ಸ್ವಲ್ಪ ಕೆಂಪು, ಒಂದು ದಿನ ಬಿಳಿ. ಆ ಹೆಚ್ಚುಕಡಿಮೆ ನನಗೆ ಇಷ್ಟ.

ಇದೇ ಕಂಪನಿಯ ಆಲೂ ಭುಜಿಯಾ ನೋಡಿ. ಅಲ್ಲಿ ಆಲೂಗಡ್ಡೆ ಹಿಟ್ಟಿನೊಳಗೇ ಕಲೆತಿದೆ, ಮಸಾಲೆಯೂ ಒಳಗೇ. ಉಜ್ಜಿದರೆ ಉದುರಿಹೋಗುವ ಮೇಲಿನ ಪುಡಿ ಇಲ್ಲ. ಹೊಸ ತರಕಾರಿಯನ್ನು ಹಳೆಯ ಕೈಚಳಕ ಅರಗಿಸಿಕೊಂಡಿದೆ. ನನ್ನ ಲೆಕ್ಕದಲ್ಲಿ ಈ ಮನೆತನದ ನಿಜವಾದ ಆಲೂಗಡ್ಡೆ ತಿಂಡಿ ಇದು. ಚಿಪ್ಸನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕಿಡಬಹುದು.

ಮಾರ್ಚ್ 2025ರಲ್ಲಿ ಸಿಂಗಪುರದ ಟೆಮಾಸೆಕ್ ಈ ಕಂಪನಿಯಲ್ಲಿ ಸುಮಾರು ಹತ್ತು ಪರ್ಸೆಂಟ್ ಪಾಲು ಕೊಂಡಿತು. ಆಗ ಇಡೀ ಕಂಪನಿಗೆ ಕಟ್ಟಿದ ಬೆಲೆ ಸಾವಿರ ಕೋಟಿ ಡಾಲರಿನ ಆಸುಪಾಸು. ದಿಲ್ಲಿ ಮತ್ತು ನಾಗಪುರದ ಪ್ಯಾಕೆಟ್ ವ್ಯಾಪಾರ ಅದೇ ವರ್ಷ ಒಂದಾಯಿತು. ನಮ್ಮ ಎಂಟಿಆರ್ ಫುಡ್ಸ್ 2007ರಲ್ಲೇ ನಾರ್ವೆಯ ಆರ್ಕ್ಲಾ ಪಾಲಾಯಿತಲ್ಲ, ಅದಕ್ಕೆ ಹೋಲಿಸಿದರೆ ಇವರು ಮನೆಯ ಹಿಡಿತ ಬಿಟ್ಟಿಲ್ಲ. ಆದರೂ ಹೊರಗಿನ ಹಣ ಬಂದಮೇಲೆ ಬೇಗ ಓಡುವ ಮಾಲಿನ ಮೇಲೆ ಕಣ್ಣು ಹೆಚ್ಚು. ಮಡಿಕೆ ಹಿಟ್ಟಿನ ಸಣ್ಣ ಎಳೆಗಿಂತ ಪುಡಿ ಹಾಕಿದ ಚಿಪ್ಸೇ ಲಾಭ ಅಂತ ಯಾರಾದರೂ ಲೆಕ್ಕ ತೋರಿಸಿದರೆ? ನನಗಿರುವ ಭಯ ಅದು.

ನಮ್ಮ ಮನೆಯಲ್ಲಿ ಈ ಜಗಳ ಬೇರೆ ರೂಪದಲ್ಲಿದೆ. ನನ್ನಾಕೆ ಪ್ರತಿ ಬೇಸಿಗೆ ನಾಗಪುರದ ಉರಿಬಿಸಿಲಲ್ಲಿ ಸಂಡಿಗೆ ಇಡುತ್ತಾಳೆ. ಇಲ್ಲಿ ಹುಟ್ಟಿ ಬೆಳೆದ ಮಗಳಿಗೆ ಊರಿನ ರುಚಿ ಅಂದರೆ ಆಲೂ ಭುಜಿಯಾ. ಪುಣೆಯಲ್ಲಿ ಅವಳ ಮನೆ ಕೆಳಗಿನ ಅಂಗಡಿಯಲ್ಲೇ ಸಿಗುತ್ತದೆ, ಆದರೂ “ಅಪ್ಪಾ, ಅಲ್ಲಿಂದಲೇ ತಗೊಂಬಾ” ಅನ್ನುತ್ತಾಳೆ. ತರುತ್ತೇನೆ. ಅದೇ ಚೀಲದಲ್ಲಿ ಅವಳಮ್ಮ ಸಂಡಿಗೆ, ಕೋಡುಬಳೆಯ ಡಬ್ಬಿಯನ್ನೂ ತುರುಕಿರುತ್ತಾಳೆ. ಯಾವುದು ಮೊದಲು ಖಾಲಿಯಾಗುತ್ತದೆ ಅಂತ ಅವಳಮ್ಮ ಫೋನಿನಲ್ಲಿ ಕೇಳಿದರೆ, ಮಗಳು ಕೋಡುಬಳೆ ಅಂತಲೇ ಹೇಳುತ್ತಾಳೆ.