ಒಂದು ಶರಣು ಹೆಚ್ಚಾದರೆ

ಉದಗೀರಿನ ಗೆಳೆಯನೊಬ್ಬ ಬೀದರಿಗೆ ಬಂದಾಗಲೆಲ್ಲ ಒಂದೇ ಚೇಷ್ಟೆ ಮಾಡುತ್ತಾನೆ. ಚೌಬಾರದ ಹತ್ತಿರ ಚಹಾ ಕುಡಿಯುತ್ತ ನಿಂತಾಗ ಯಾರಾದರೂ ನನ್ನ ಕಡೆ ಕೈಮುಗಿದು ‘ಶರಣು ಶರಣಾರ್ಥಿ’ ಅಂದರೆ ಸಾಕು, ‘ನಿಮ್ಮೂರಾಗ ಎಷ್ಟು ಮಂದಿ ನಿರಾಶ್ರಿತರಿದ್ದೀರಿ ಲೇ’ ಎಂದು ನಗುತ್ತಾನೆ. 1956ರ ತನಕ ಉದಗೀರ ನಮ್ಮದೇ ಜಿಲ್ಲೆಯಲ್ಲಿತ್ತು, ಗಡಿ ಬಿದ್ದ ಮೇಲೆ ಆಚೆ ಹೋಯಿತು. ಅವನ ಮನೆಮಾತು ಮರಾಠಿ, ಸಿನಿಮಾದ ಮಾತು ಹಿಂದಿ. ಹಿಂದಿಯಲ್ಲಿ ಶರಣಾರ್ಥಿ ಎಂದರೆ ನೆಲೆ ತಪ್ಪಿ ಆಸರೆ ಕೇಳಿಕೊಂಡು ಬಂದವನು. ಅವನು ತಮಾಷೆಗೆ ಅಂದದ್ದು. ಆದರೆ ಈ ಪದದ ಬಗ್ಗೆ ನಾನು ಕೇಳಿದ ಎಷ್ಟೋ ಉಪನ್ಯಾಸಗಳಿಗಿಂತ ಆ ತಮಾಷೆಯಲ್ಲೇ ಹೆಚ್ಚು ಅರ್ಥ ಇದೆ ಅನ್ನಿಸಿದ್ದು ಕಳೆದ ಮಳೆಗಾಲದ ಕೊನೆಯ ಒಂದು ದಿನ.

ಅವತ್ತು ಹೊಲದ ಕಾಗದದ ಕೆಲಸಕ್ಕೆ ಔರಾದಿಗೆ ಹೋಗಿದ್ದೆ. ಅದು ಮೂರನೆಯ ಸಲ. ಮೊದಲ ಸಲ ಸಾಹೇಬರು ಇರಲಿಲ್ಲ, ಎರಡನೆಯ ಸಲ ಒಂದು ಜೆರಾಕ್ಸ್ ಕಡಿಮೆ ಇತ್ತು, ಈ ಸಲ ಸರ್ವರ್ ಇರಲಿಲ್ಲ. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕುಳಿತು, ಛತ್ರಿಯನ್ನು ಅಲ್ಲೇ ಮರೆತು, ಬಸ್ ಸ್ಟ್ಯಾಂಡಿಗೆ ಬಂದು ಚಹಾ ಹೇಳಿದೆ. ತಂದುಕೊಟ್ಟ ಹುಡುಗ ಲೋಟವನ್ನು ಸ್ವಲ್ಪ ತುಳುಕಿಸಿದ. ‘ಏನಲೇ, ಕಣ್ಣು ಕಾಣಂಗಿಲ್ಲೇನು?’ ಅಂದೆ. ಸಾಹೇಬರೆದುರು ‘ಇರ್ಲಿ ಸರ್, ಮತ್ತ ಬರ್ತೀನಿ ಸರ್’ ಎಂದ ಅದೇ ಬಾಯಿ. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ ಅನ್ನುತ್ತಾರಲ್ಲ, ಆ ಕೊತ್ತಿಗೆ ಹತ್ತು ಹನ್ನೆರಡು ವರ್ಷವಿದ್ದೀತು. ಅದು ಲೋಟ ಒರೆಸಿ ಮುಂದಿನ ಗಿರಾಕಿಯ ಕಡೆ ಹೋಯಿತು.

ಅಕ್ಕನನ್ನು ನೋಡಿಕೊಂಡು ಹೋಗೋಣವೆಂದು ಭಾಲ್ಕಿಯ ಬಸ್ಸು ಹತ್ತಿದೆ. ಪಕ್ಕದಲ್ಲಿ ಧೋತರ ಉಟ್ಟ ಮುದುಕರೊಬ್ಬರು ಕೂತಿದ್ದರು. ಅವರ ಕೈಯಲ್ಲಿ ಗಂಟು ಹಾಕಿದ ಒಂದು ದಸ್ತಿ. ಕೇಳಿದ್ದಕ್ಕೆ ಬಿಚ್ಚಿ ತೋರಿಸಿದರು. ಕರ್ರಗಾದ ಸೋಯಾ ಕಾಯಿ, ಒಳಗೆ ಮೊಳಕೆಯ ಬಿಳಿ ಬಾಲ ಬಂದ ಕಾಳು. ‘ಕೊಯ್ದು ಹಾಕಿದ್ದೆ, ಬಣಮಿ ಒಟ್ಟೂದ್ರಾಗ ಮಳಿ ಹಿಡೀತು. ತಾಡಪತ್ರಿ ಸಾಲಲಿಲ್ಲ. ಎಲ್ಲಾ ಹೋಯ್ತು’ ಎಂದರು. ಭಾಲ್ಕಿಯ ಅಡತಿ ಅಂಗಡಿಯವರಿಗೆ ತೋರಿಸಿ, ಏನಾದರೂ ಬೆಲೆ ಹೇಳುತ್ತಾರಾ ಎಂದು ಕೇಳಲು ಹೊರಟಿದ್ದರು. ಅಷ್ಟರಲ್ಲಿ ಕಂಡಕ್ಟರ್ ಬಂದ. ‘ಚಿಲ್ರಿ ಕೊಡ್ರಿ, ಚಿಲ್ರಿ ಕೊಡ್ರಿ’ ಎಂದು ಹಿಂದಿನ ಸೀಟಿನಿಂದಲೇ ಗದರುತ್ತ ಬಂದವನು. ಮುದುಕರ ಬಳಿ ಇದ್ದದ್ದು ಐನೂರರ ಒಂದೇ ನೋಟು. ಅವರು ನೋಟು ತೆಗೆಯುವ ಮೊದಲು ದಸ್ತಿಯನ್ನು ತೊಡೆಯ ಮೇಲಿಟ್ಟು, ಎರಡೂ ಕೈ ಜೋಡಿಸಿ ‘ಶರಣ್ರೀ ಯಪ್ಪಾ’ ಅಂದರು. ದಸ್ತಿ ಜಾರಿ ಎರಡು ಕಾಳು ಸೀಟಿನ ಕೆಳಗೆ ಉರುಳಿದವು. ಬಯ್ಯಲು ತೆರೆದ ಕಂಡಕ್ಟರನ ಬಾಯಿ ಹಾಗೇ ನಿಂತಿತು. ಟಿಕೆಟ್ ಮಷಿನ್ ಹಿಡಿದ ಕೈಯನ್ನೇ ಹಣೆಗೆ ಮುಟ್ಟಿಸಿ ‘ಶರಣ್ರೀ ಕಾಕಾ’ ಅಂದ. ಬಾಕಿ ಹಣವನ್ನು ಟಿಕೆಟ್ಟಿನ ಹಿಂದೆ ಬರೆದುಕೊಟ್ಟು ಮುಂದಕ್ಕೆ ಹೋದ. ಮುಂದಿನ ಸೀಟಿನವರಿಗೂ ಚಿಲ್ಲರೆ ಕೇಳಿದ, ಆದರೆ ಗದರಲಿಲ್ಲ.

ಈ ಭಾಗದಲ್ಲಿ ದಿನಕ್ಕೆ ಸಾವಿರ ಸಲ ನಡೆಯುವ, ಶರಣು ಹೇಳುವ ಈ ಆಚರಣೆಯನ್ನು ನಾವು ಅಳೆದು ನೋಡಿದ್ದು ಕಡಿಮೆ. ಹೊಗಳಿದ್ದು ಬಹಳ. ಹೊಗಳುವವರು ವಿನಯ, ಭಕ್ತಿ, ಸಮಾನತೆ ಎಂಬ ಮೂರು ಪದ ಹೇಳಿ ಕೂತುಬಿಡುತ್ತಾರೆ. ನನಗೆ ಬಸ್ಸಿನಲ್ಲಿ ಕಂಡದ್ದು ಬೇರೆ. ಆ ಮುದುಕರು ಸಮಾಧಾನದಿಂದ ಇರಲಿಲ್ಲ. ‘ಎಲ್ಲಾ ಒಳ್ಳೇದಾಗ್ತದ’ ಅನ್ನಲಿಲ್ಲ. ನಗಲಿಲ್ಲ. ‘ಎಲ್ಲಾ ಹೋಯ್ತು’ ಅಂದ ಬಾಯಿಂದಲೇ ಅರ್ಧ ನಿಮಿಷದಲ್ಲಿ ಶರಣು ಬಂತು, ಒಂದು ಇನ್ನೊಂದನ್ನು ಸುಳ್ಳಾಗಿಸಲಿಲ್ಲ. ‘ಆರಾಮ್ರೀ?’ ಎಂದು ಕೇಳಿದರೆ ‘ಆರಾಮ್’ ಅಂತಲೇ ಹೇಳಬೇಕು, ಅದೊಂದು ಸಣ್ಣ ಸುಳ್ಳು. ಶರಣಾರ್ಥಿಯಲ್ಲಿ ಆ ಸುಳ್ಳಿಗೆ ಜಾಗವೇ ಇಲ್ಲ. ನಾನು ನಿನ್ನಲ್ಲಿ ಆಸರೆ ಬೇಡುವವನು ಎಂಬಷ್ಟೇ ಅದರ ಮಾತು. ಬೆಳೆ ನೆನೆದವನು ಅದನ್ನು ಹೇಳಲು ಮುಖವನ್ನು ಬದಲಿಸಿಕೊಳ್ಳಬೇಕಾಗಿಲ್ಲ. ಉದಗೀರಿನ ಗೆಳೆಯ ಹೇಳಿದ್ದು ಸರಿಯೇ: ಕೆಟ್ಟ ದಿನದಲ್ಲಿ ನಾವೆಲ್ಲ ಸ್ವಲ್ಪ ಹೊತ್ತಿನ ನಿರಾಶ್ರಿತರು.

ದಿನ ಬೆಳಗಾದರೆ ಮೊಬೈಲಿಗೆ ಬರುವ ಹೂವಿನ ಚಿತ್ರದ ಬುದ್ಧಿಮಾತು ನಮ್ಮನ್ನು ಕೇಳುವುದು ಮುಖವನ್ನೇ. ಸದಾ ನಗುತ್ತಿರಿ, ಸಕಾರಾತ್ಮಕವಾಗಿ ಯೋಚಿಸಿ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ 1983ರಲ್ಲಿ ‘ದ ಮ್ಯಾನೇಜ್ಡ್ ಹಾರ್ಟ್’ ಎಂಬ ಪುಸ್ತಕ ಬರೆದರು. ವಿಮಾನದ ಗಗನಸಖಿಯರನ್ನು ಮಾತಾಡಿಸಿ, ಹೊಟ್ಟೆಯೊಳಗೆ ಇಲ್ಲದ ನಗುವನ್ನು ಮುಖದ ಮೇಲೆ ಇಟ್ಟುಕೊಳ್ಳುವುದೂ ಒಂದು ದುಡಿಮೆ, ಅದಕ್ಕೂ ದೇಹದ ಮತ್ತು ಮನಸ್ಸಿನ ಬೆಲೆ ಇದೆ ಎಂದು ತೋರಿಸಿದರು. ಹಾಗಾದರೆ ಶರಣು ಅನ್ನುವುದೂ ಅದೇ ನಾಟಕವಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ ಎಂಬುದು ನನ್ನ ತೀರ್ಮಾನ. ನಗು ಒಂದು ಭಾವನೆ ಒಳಗಿದೆ ಎಂದು ಸಾಕ್ಷಿ ನುಡಿಯುತ್ತದೆ. ಜೋಡಿಸಿದ ಕೈ ಅಂಥ ಸಾಕ್ಷಿ ಹೇಳುವುದಿಲ್ಲ. ಅದಕ್ಕೆ ಬೇಕಾದದ್ದು ಕೈಯಲ್ಲಿರುವ ಚೀಲವನ್ನೋ ದಸ್ತಿಯನ್ನೋ ಒಂದು ಗಳಿಗೆ ಕೆಳಗಿಡುವುದು. ಆ ಒಂದು ಗಳಿಗೆಯಲ್ಲಿ ಬಯ್ಯುವುದು ಕಷ್ಟ. ಬೇಕಾದರೆ ಎರಡೂ ಕೈ ಮುಗಿದುಕೊಂಡೇ ‘ಏನಲೇ’ ಅಂದು ನೋಡಿ, ನಾಲಿಗೆ ಒಪ್ಪುವುದಿಲ್ಲ.

ಇಷ್ಟು ಗುಣ. ಇನ್ನು ಕೊರತೆಯ ಮಾತು, ಅದಕ್ಕೆ ಬಸವಕಲ್ಯಾಣಕ್ಕೆ ಹೋಗಬೇಕು. ಅಲ್ಲಿ ಹರಳಯ್ಯನ ಗವಿ ಇದೆ. ಈ ಭಾಗದ ಮಕ್ಕಳೆಲ್ಲ ಕೇಳಿ ಬೆಳೆದ ಕಥೆ: ಕಲ್ಯಾಣದ ಬೀದಿಯಲ್ಲಿ ಚಮ್ಮಾರ ಹರಳಯ್ಯ ಎದುರಾದ ಬಸವಣ್ಣನಿಗೆ ‘ಶರಣು’ ಅನ್ನುತ್ತಾನೆ. ಬಿಜ್ಜಳನ ಮಂತ್ರಿ ಬಸವಣ್ಣ ತಿರುಗಿ ‘ಶರಣು ಶರಣಾರ್ಥಿ’ ಅನ್ನುತ್ತಾನೆ. ತಾನು ಒಂದು ಸಲ ಅಂದದ್ದಕ್ಕೆ ಅಣ್ಣ ಎರಡು ಸಲ ಅಂದುಬಿಟ್ಟ, ಒಂದು ಶರಣು ಹೆಚ್ಚಾಗಿ ಬಂತು, ಅದರ ಭಾರ ಹೇಗೆ ಇಳಿಸಲಿ ಎಂದು ಹರಳಯ್ಯ ಕೊರಗುತ್ತಾನೆ. ಕೊನೆಗೆ ತನ್ನ ತೊಡೆಯ ಚರ್ಮ, ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮ ತೆಗೆದು ಒಂದು ಜೊತೆ ಚಮ್ಮಾವುಗೆ ಮಾಡಿ ಒಯ್ಯುತ್ತಾನೆ. ಬಸವಣ್ಣ ಅವನ್ನು ಮೆಟ್ಟದೆ ತಲೆಯ ಮೇಲೆ ಹೊತ್ತು ಹಿಂದಿರುಗಿಸುತ್ತಾನೆ. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ, ಇಬ್ಬರೂ ಬೀಗರಿಗೆ ರಾಜನಿಂದ ಮರಣದಂಡನೆ ಬಂತು, ಕಲ್ಯಾಣ ಕದಡಿತು ಎಂಬವರೆಗೆ ಕಥೆ ಹೋಗುತ್ತದೆ.

ಪ್ರವಚನಗಳಲ್ಲಿ ಇದನ್ನು ಹರಳಯ್ಯನ ಭಕ್ತಿಯ ಕಥೆಯಾಗಿ ಹೇಳುತ್ತಾರೆ, ಕೇಳುವವರ ಕಣ್ಣಲ್ಲಿ ನೀರು ಬರುತ್ತದೆ. ನನಗೂ ಬರುತ್ತಿತ್ತು. ಈಗ ಲೆಕ್ಕ ಹಾಕುತ್ತೇನೆ. ಮೇಲಿದ್ದವನು ಕೊಟ್ಟದ್ದು ಒಂದು ಪದ. ಕೆಳಗಿದ್ದವನು ತೀರಿಸಿದ್ದು ಚರ್ಮದಲ್ಲಿ. ಹೆಚ್ಚಿನ ಒಂದು ಒಳ್ಳೆಯ ಮಾತು ಬಂದರೆ ಅದನ್ನು ತನಗೆ ಸಲ್ಲಬೇಕಾದದ್ದೆಂದು ತೆಗೆದುಕೊಳ್ಳಲಾಗದಷ್ಟು ಒಬ್ಬ ಮನುಷ್ಯನನ್ನು ಬಗ್ಗಿಸಿಟ್ಟಿದ್ದರು ಅನ್ನುವುದೇ ಈ ಕಥೆಯ ನಿಜವಾದ ಸುದ್ದಿ. ಬಸವಣ್ಣನಿಗೆ ಅದು ಗೊತ್ತಾಯಿತು, ಅದಕ್ಕೇ ಮೆಟ್ಟಲಿಲ್ಲ. ನಮಗೆ ಗೊತ್ತಾಗಿಲ್ಲ. ಇನ್ನೊಂದು ಮಾತು. ನಾನು ಕೇಳಿದ ಯಾವ ಪ್ರವಚನದಲ್ಲೂ ಕಲ್ಯಾಣಮ್ಮನಿಗೆ ಬೀದಿಯಲ್ಲಿ ಯಾರೂ ಶರಣು ಹೇಳಿಲ್ಲ, ಒಂದಾಗಲಿ ಎರಡಾಗಲಿ. ಚರ್ಮ ಮಾತ್ರ ಅವಳದೂ ಹೋಯಿತು.

ಇವತ್ತಿಗೂ ಲೆಕ್ಕ ಹೀಗೇ ನಡೆದಿದೆ. ಬೀದರಿನ ಗಾಂಧಿಗಂಜಿನಲ್ಲಿ ಬೆಳಿಗ್ಗೆ ಅರ್ಧ ತಾಸು ನಿಂತು ನೋಡಿ. ಹಮಾಲರು ಅಡತಿ ಸಾಹುಕಾರರಿಗೆ ಹೇಳುವ ಶರಣು ಪೂರ್ತಿ ಇರುತ್ತದೆ, ಸಾಹುಕಾರರದು ಗೋಣು ಅಲ್ಲಾಡಿಸಿದಷ್ಟು. ಕೆಟ್ಟ ದಿನ ಹೆಚ್ಚು ಬರುವವರಿಂದಲೇ ಒಳ್ಳೆಯ ಮಾತು ಹೆಚ್ಚು ಖರ್ಚಾಗುತ್ತದೆ. ಈ ಪದ ಒಂದು ಸಮುದಾಯದ ಗುರುತಾಗಿ ಬಿಗಿಯಾದದ್ದೂ ಇದೆ. ದಲಿತರ ಓಣಿಯವರಿಗೆ ಜೈ ಭೀಮ್, ಮರಾಠಿಯವರಿಗೆ ರಾಮ್ ರಾಮ್, ಸಾಬರಿಗೆ ಸಲಾಂ, ನಮ್ಮವರಿಗೆ ಶರಣು ಎಂದು ನಾಲಿಗೆಯಲ್ಲೇ ನಾಲ್ಕು ಬಾಗಿಲು. ಎದುರಿನವರ ಪದದಲ್ಲೇ ಅವರನ್ನು ಮಾತಾಡಿಸುವುದು ಬೀದರಿನ ಸೊಗಸು, ಅದನ್ನು ಕಡೆಗಣಿಸಲಾರೆ. ಆದರೆ ಸಿಟ್ಟು ಬಂದ ದಿನ ಆ ಬಾಗಿಲುಗಳು ಎಷ್ಟು ಬೇಗ ಮುಚ್ಚುತ್ತವೆ ಎಂಬುದನ್ನೂ ಈ ನೆಲ ಕಂಡಿದೆ. 1948ರ ಮೇ ತಿಂಗಳಲ್ಲಿ, ಈ ಭಾಗ ಹೈದರಾಬಾದ್ ನಿಜಾಮನ ಕೈಯಲ್ಲಿದ್ದಾಗ, ಅವನ ಪರ ನಿಂತ ರಜಾಕಾರರ ಪಡೆ ನಮ್ಮ ಜಿಲ್ಲೆಯ ಗೋರಟಾ ಎಂಬ ಹಳ್ಳಿಯಲ್ಲಿ ರಕ್ತ ಹರಿಸಿತು. ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮನ ಆಡಳಿತ ಬಿದ್ದಾಗ ಸೇಡು ತೀರಿದ್ದು ರಜಾಕಾರರ ಮೇಲಷ್ಟೇ ಅಲ್ಲ, ಅವರಿಗೆ ಸಂಬಂಧವೇ ಇರದ ನೆರೆಯವರ ಮೇಲೂ. ಆ ಹಿಂಸೆಯನ್ನು ವಿಚಾರಿಸಲು ಬಂದ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳನ್ನು ಹೆಸರಿಸಿದಾಗ ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡಗಳ ಜೊತೆ ಬೀದರವೂ ಇತ್ತು. ಎಂಟು ನೂರು ವರ್ಷದ ಶರಣಾರ್ಥಿ ಅವತ್ತು ಕೈಗೆ ಬರಲಿಲ್ಲ.

ಕೈಗೆ ಬಂದ ಉದಾಹರಣೆಯೂ ಇದೆ, ಅದು ಭಾಲ್ಕಿಯದು. ನೂರು ವರ್ಷ ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಚನ್ನಬಸವ ಪಟ್ಟದ್ದೇವರು ಕಮಲನಗರದವರು, ಭಾಲ್ಕಿ ಹಿರೇಮಠದ ಸ್ವಾಮಿಗಳು. ನಿಜಾಮನ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು ಇಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಇದನ್ನು ಉರ್ದುವಿನ ಮೇಲಿನ ಗೆಲುವು ಎಂಬಂತೆ ಭಾಷಣಗಳಲ್ಲಿ ಹೇಳುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ದಿನವೂ ಅವಮಾನ ನುಂಗಬೇಕಿದ್ದ ಕಾಲದಲ್ಲಿ ಒಬ್ಬ ಮನುಷ್ಯ ತನ್ನ ಸಿಟ್ಟನ್ನು ಬಾಗಿಲಲ್ಲಿ ಖರ್ಚು ಮಾಡದೆ ಒಳಗಿನ ಮಕ್ಕಳಿಗೆ ಅಕ್ಷರವಾಗಿ ಉಳಿಸಿದ್ದು ಅದು. ಹೊರಗಿನ ಬೋರ್ಡು ಸುಳ್ಳಲ್ಲವೇ ಅನ್ನಬಹುದು. ಹೌದು, ಸುಳ್ಳು. ಮುಖದ ಮೇಲಿನ ನಗುವಿನಂಥದೇ. ಆದರೆ ಆ ಸುಳ್ಳಿನ ಬೆಲೆಯನ್ನು ಮೇಲಿದ್ದವರು ಕೊಟ್ಟರು, ಕೆಳಗಿದ್ದ ಹುಡುಗರಿಗೆ ಸಿಕ್ಕಿದ್ದು ಲಾಭ. ಹರಳಯ್ಯನ ಲೆಕ್ಕ ಇಲ್ಲಿ ತಿರುಗಿತು. ಮುಂದೆ ಅದೇ ಮಠ ಯಾರೋ ಬಿಟ್ಟುಹೋದ ಕೂಸುಗಳನ್ನೂ ಸಾಕಿತು.

ಅಷ್ಟೂರಿನ ಮಾತನ್ನೂ ಹೇಳಲೇಬೇಕು. ಬೀದರಿನ ಪಕ್ಕದಲ್ಲೇ, ಬಹಮನಿ ಸುಲ್ತಾನರ ಗೋರಿಗಳ ಸಾಲಿನಲ್ಲಿ ಅಹ್ಮದ್ ಶಾ ವಲಿಯ ಗೋರಿ ಇದೆ. ಮುಸ್ಲಿಮರಿಗೆ ಆತ ವಲಿ, ಈ ಕಡೆಯ ಲಿಂಗಾಯತರಿಗೆ ಅಲ್ಲಮಪ್ರಭು. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಬರುತ್ತಾರೆ. ಒಂದೇ ಗೋರಿಯ ಮುಂದೆ ಕೆಲವರು ಫಾತಿಹಾ ಓದುತ್ತಾರೆ, ಕೆಲವರು ಕಾಯಿ ಒಡೆಯುತ್ತಾರೆ. ಅಲ್ಲಿ ಮಾತ್ರ ಯಾರಿಗೆ ಸಲಾಂ, ಯಾರಿಗೆ ಶರಣು ಎಂದು ನಾಲಿಗೆ ತಡವರಿಸುವುದನ್ನು ನಾನು ಕಂಡಿಲ್ಲ.

ಒಟ್ಟಿನಲ್ಲಿ ಆಚರಣೆ ಒಳ್ಳೆಯದು, ಬಳಕೆ ಅರೆಬರೆ. ಮನಸ್ಸು ಕೆಟ್ಟಾಗಲೂ ಸುಳ್ಳು ಹೇಳಿಸದೆ ಸೌಜನ್ಯ ಹೊರಡಿಸುವ ಇಷ್ಟು ಅಗ್ಗದ, ಇಷ್ಟು ಗಟ್ಟಿಯಾದ ಉಪಾಯ ನನಗೆ ಬೇರೆ ಗೊತ್ತಿಲ್ಲ. ಮೊದಲು ಹೇಳುವವನು ಮೇಲಿದ್ದವನಾದರೆ ಮಾತ್ರ ಅದರ ಹರಿತ ತಿಳಿಯುತ್ತದೆ. ಔರಾದಿನ ಚಹಾದ ಹುಡುಗನಿಗೆ ನಾನು ಹೇಳಬೇಕಿತ್ತು. ಸಾಹೇಬರಿಗೆ ಹೇಳಿದ್ದು ಲೆಕ್ಕಕ್ಕಿಲ್ಲ, ಅದು ಅರ್ಜಿಯ ಭಾಗ.

ಭಾಲ್ಕಿಯಲ್ಲಿ ಇಳಿಯುವಾಗ ಕಂಡಕ್ಟರ್ ಮರೆಯದೆ ಬಾಕಿ ಎಣಿಸಿಕೊಟ್ಟ. ಮುದುಕರು ದಸ್ತಿಯ ಗಂಟು ಬಿಗಿದುಕೊಂಡು ಗಂಜಿನ ಕಡೆ ನಡೆದರು. ಅಕ್ಕನ ಮನೆಯಲ್ಲಿ ಉಂಡು ಬೀದರಿನ ಬಸ್ಸು ಹಿಡಿದೆ. ಮುದುಕರನ್ನು ನೋಡಿ ಬುದ್ಧಿ ಬಂದಿತ್ತು ನೋಡಿ, ದಾರಿಯಲ್ಲಿ ನಾಲ್ಕು ಜನಕ್ಕೆ ನಾನಾಗಿಯೇ ಶರಣು ಹೇಳಿದೆ, ಒಬ್ಬ ಆಟೊದವನಿಗೂ ಹೇಳಿದೆ. ರಾತ್ರಿ ಒಂಬತ್ತರ ಹೊತ್ತಿಗೆ ಮನೆ ಮುಟ್ಟಿ ಕದ ಬಡಿದೆ. ತೆಗೆಯಲು ಎರಡು ನಿಮಿಷ ತಡವಾಯಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದ ಹೆಂಡತಿಗೆ ‘ಇಷ್ಟೊತ್ತು ಏನ್ ಮಾಡ್ಲತ್ತಿದ್ದಿ ಒಳಗ?’ ಅಂದೆ.